ಹಲ್ಲಿನ ಸಂದಿಯ ಶಿಳ್ಳೆ

ಎಲೆರಿಯ ಶಿಳ್ಳೆಯನ್ನು ಕಿವಿಯಾರೆ ಕೇಳಿದವರು ನಮ್ಮ ಕಣಿವೆಯಲ್ಲಿ ಈಗ ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದಾರೆ. ಮಿಕ್ಕವರಿಗೆ ಅವಳು ಕೊಯೆದ್ ಮನೆಯ ಮುದುಕಿ, ಚಾಪೆಲ್ ಎಂಬ ನಮ್ಮ ಪ್ರಾರ್ಥನಾ ಮಂದಿರದ ಚಹಾ ಕೂಟಕ್ಕೆ ದ್ರಾಕ್ಷಿ ಬ್ರೆಡ್ಡು ಕೊಯ್ದು ಬೆಣ್ಣೆ ಸವರುವವಳು, ಅಷ್ಟೆ. ಕುರಿನಾಯಿಗಳ ಪಂದ್ಯದ ದಿನ ಊರಿಗೆ ಊರೇ ಬೇಲಿಗೆ ಒರಗಿ ನಿಂತಿದ್ದರೂ ಅವಳು ಮಾತ್ರ ಡೇರೆಯೊಳಗೆ ಬೆನ್ನು ತಿರುಗಿಸಿಕೊಂಡು ಬಟ್ಟಲು ತೊಳೆಯುತ್ತಿರುತ್ತಾಳೆ. "ಆಯಮ್ಮಂಗೆ ನಾಯಿ ಕಂಡ್ರೆ ಆಗಲ್ಲ" ಎಂದು ಹೊಸಬರು ಹೇಳುವುದುಂಟು. ಹೇಳಿಕೊಳ್ಳಲಿ. ಗೊತ್ತಿಲ್ಲದವರ ಬಾಯಿ ಮುಚ್ಚಿಸುತ್ತಾ ಕೂತರೆ ನಮ್ಮ ಹೊಟ್ಟೆ ತುಂಬುತ್ತದೆಯೇ?

ಅವಳು ಹುಟ್ಟಿದ್ದು ಬ್ರಿನ್ ಗ್ರಿಗ್‌ನಲ್ಲಿ. ವೇಲ್ಸ್‌ನ ಬಾಲಾ ಪೇಟೆಯಿಂದ ಮೇಲೆ ಹತ್ತಿ ಬರುವ ದಾರಿಯಲ್ಲಿ ಕಟ್ಟಕಡೆಯ ಮನೆ ಅದು. ಹಿತ್ತಲ ಕಲ್ಲುಗೋಡೆ ದಾಟಿದರೆ ಬೋಳು ಬೆಟ್ಟ, ಕುರಿ, ಮಂಜು. ಅಪ್ಪ ಟೂಡುರ್ ಮಾತು ಕಮ್ಮಿಯ ಮನುಷ್ಯ. ಅಣ್ಣ ಇತೆಲ್‌ಗೆ ಬೆಟ್ಟ ಹತ್ತಲು ಮೈಗಳ್ಳತನ. ಹೀಗಾಗಿ ಕುರಿ ಇಳಿಸಿ ತರುವ ಕೆಲಸ ಹುಡುಗಿಯ ತಲೆಗೆ ಬಿತ್ತು. ಅವಳಿಗೂ ಅದೇ ಬೇಕಾಗಿತ್ತೆನ್ನಿ. ಅವಳ ಮೇಲ್ಸಾಲಿನ ಎರಡು ಮುಂಬಲ್ಲುಗಳ ನಡುವೆ ಒಂದು ಸಂದಿ ಇತ್ತು. ಕೆಳತುಟಿಯನ್ನು ಒಳಕ್ಕೆಳೆದು ಆ ಸಂದಿಗೆ ನಾಲಿಗೆಯ ತುದಿ ಒತ್ತಿ ಊದಿದರೆ, ಬೆರಳು ಬಾಯಿಗಿಡದೆಯೇ, ಹೊಳೆಯಾಚೆಯ ಗುಡ್ಡದಲ್ಲಿ ಮೇಯುವ ಕುರಿ ಕೂಡ ತಲೆಯೆತ್ತಬೇಕು. ಅಂಥ ಶಿಳ್ಳೆ. ತೆಳ್ಳಗೆ ಹೊರಟು, ಕೊನೆಯಲ್ಲಿ ತುಸು ಮೇಲೆ ತಿರುಗಿ ನಿಲ್ಲುತ್ತಿತ್ತು.

"ಶಿಳ್ಳೆ ಹಾಕೋ ಹುಡ್ಗೀನ ಯಾವ ಗಂಡು ಕಟ್ಕೋತಾನೆ?" ಎಂದು ಅವ್ವ ಒಲೆಯ ಮುಂದೆ ಗೊಣಗುತ್ತಿದ್ದಳು. ಚಾಪೆಲಿನ ಬೋಧಕರೂ ಮೂಗು ಮುರಿದಿದ್ದರು. ಆದರೆ ಕುರಿಗಳ ಉಣ್ಣೆ ಕತ್ತರಿಸುವ ಕಾಲಕ್ಕೆ ಕಣಿವೆಯವರೆಲ್ಲ ಸೇರಿ ಬೆಟ್ಟ ಗುಡಿಸುವಂತೆ ಕುರಿ ಇಳಿಸುವಾಗ ಗಂಡಸರೇ ಕೇಳುತ್ತಿದ್ದರು: "ಎಲೆರಿ ಬಂದಿದ್ದಾಳೇನ್ರೋ? ಹಂಗಾದ್ರೆ ಮಧ್ಯಾಹ್ನದೊಳ್ಗೆ ಮುಗೀತು ಬಿಡಿ."

ನಾಯಿ ಪಳಗಿಸುವ ವಿದ್ಯೆಯನ್ನು ಅವಳಿಗೆ ಹೇಳಿಕೊಟ್ಟವನು ಪಕ್ಕದ ಮನೆಯ ರೊಬಾಟ್. ಮದುವೆಯಾಗದ ಮುದುಕ. ನಾಯಿಮರಿ ಸಾಕಿ, ಕೆಲಸ ಕಲಿಸಿ, ಮಾರಿ ಬದುಕುತ್ತಿದ್ದ. ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೆ ಎರಡು ಬೆರಳು ಬಾಯಿಗಿಟ್ಟನೆಂದರೆ ಕಿವಿ ಮುಚ್ಚಿಕೊಳ್ಳಬೇಕು. ನಮ್ಮ ಕಡೆ ಮನುಷ್ಯರ ಜೊತೆ ವೆಲ್ಷ್ ಆಡುತ್ತೇವೆ, ನಾಯಿಗಳ ಜೊತೆ ಮಾತ್ರ ಇಂಗ್ಲಿಷು. ಯಾಕೆಂದು ಕೇಳಿದರೆ ರೊಬಾಟ್, "ದಿನಾ ಬೈಯೋದಕ್ಕೆ ನಮ್ ಭಾಷೆ ಯಾಕೆ ಸವೆಸ್ಬೇಕು?" ಎನ್ನುತ್ತಿದ್ದ. ಎಲೆರಿಗೆ ಎರಡೂ ಬೇಕಾಗಲಿಲ್ಲ. ಅದಕ್ಕೆ ಕಾರಣ ನೆಲ್.

ನೆಲ್ ರೊಬಾಟನೇ ದಕ್ಷಿಣದ ಯಾವನೋ ರೈತನಿಗೆ ಮಾರಿದ್ದ ಹೆಣ್ಣುನಾಯಿ. ವರ್ಷ ತುಂಬುವುದರೊಳಗೆ ವಾಪಸು ಬಂತು. ಆ ಪುಣ್ಯಾತ್ಮ ಅದಕ್ಕೆ ಕೂಗಾಡಿ, ಒದ್ದು, ಕೆಲಸ ಕಲಿಸಲು ಹೋಗಿದ್ದ. ಬಂದ ದಿನ ಯಾರೋ ಅಂಗಳದಲ್ಲಿ ಜೋರಾಗಿ ಮಾತಾಡಿದ್ದಕ್ಕೇ ಅದು ಗಾಡಿಯ ಕೆಳಗೆ ತೆವಳಿ ಉಚ್ಚೆ ಹುಯ್ದುಕೊಂಡಿತು.

"ಕೆಟ್ಟು ಹೋದ ಮಾಲು" ಎಂದ ರೊಬಾಟ್. "ಮನುಷ್ಯನ ದನಿ ಕೇಳಿದ್ರೇ ನಡುಗ್ತದೆ. ಇದನ್ನ ಏನ್ ಮಾಡ್ಲಿ?"

"ನಂಗೆ ಕೊಡು" ಎಂದಳು ಎಲೆರಿ.

"ಏನ್ ಮಾಡ್ತೀಯೇ?"

"ಮಾತೇ ಆಡಲ್ಲ."

ಆಡಿದ ಮಾತಿಗೆ ತಪ್ಪಲಿಲ್ಲ. ಆ ಚಳಿಗಾಲವೆಲ್ಲ ನೆಲ್‌ಗೆ ಅವಳು ಒಂದು ಶಬ್ದವನ್ನೂ ಆಡಲಿಲ್ಲ. ಅನ್ನ ಹಾಕುವಾಗ ಒಂದು ಶಿಳ್ಳೆ, ಹತ್ತಿರ ಬಂದರೆ ಒಂದು, ಮಲಗಿದರೆ ಒಂದು. ಮನೆಯವರು ನಕ್ಕರು. ವಸಂತ ಬರುವ ಹೊತ್ತಿಗೆ ನೆಲ್ ಅವಳ ನೆರಳಾಗಿತ್ತು. ಕುರಿಗಳ ಹಿಂದೆ ಸುತ್ತು ಹಾಕಿ ಹೋಗುವಾಗ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ, ಕಣ್ಣನ್ನು ಕುರಿಗಳ ಮೇಲೇ ನೆಟ್ಟು ಅದು ಓಡುವುದನ್ನು ನೋಡಿ ರೊಬಾಟ್ ಪೈಪು ಬಾಯಿಂದ ತೆಗೆದ. "ನಂಗೆ ಕಣ್ಣಿಲ್ಲ ಕಣೇ. ಇಂಥದ್ದನ್ನ ಕೆಟ್ ಮಾಲು ಅಂದ್ನಲ್ಲ" ಎಂದ.

ಪಂದ್ಯಕ್ಕೆ ತಯಾರು ಮಾಡಲು ಶುರುವಿಟ್ಟಿದ್ದು ಅಂದಿನಿಂದ. ಪಂದ್ಯದ ಬಯಲಲ್ಲಿ ಒಡೆಯ ಗೂಟದ ಬಳಿ ನಿಂತಿರಬೇಕು. ನಾಯಿ ದೂರದ ಕುರಿಗಳನ್ನು ಸುತ್ತುವರಿದು, ನೇರ ಗೆರೆಯಲ್ಲಿ ತಡಿಕೆಗಳ ನಡುವಿನಿಂದ ಹಾಯಿಸಿ ತಂದು, ಮತ್ತೆ ಅಟ್ಟಿಕೊಂಡು ಹೋಗಿ, ಕೊನೆಗೆ ಪುಟ್ಟ ರೊಪ್ಪದೊಳಗೆ ಕೂಡಿಸಬೇಕು. ಕಷ್ಟವಾದದ್ದು ಇದ್ಯಾವುದೂ ಅಲ್ಲ. ಬೇಲಿಯಾಚೆ ನಿಂತ ನೂರು ಕುರುಬರು ತಮ್ಮ ತಮ್ಮ ನಾಯಿಗಳಿಗೆ ಶಿಳ್ಳೆ ಹೊಡೆಯುತ್ತಲೇ ಇರುತ್ತಾರೆ. ಅದಕ್ಕೆ ಕಿವಿಗೊಟ್ಟ ನಾಯಿ ಕೆಟ್ಟಂತೆಯೇ.

ಅದಕ್ಕೇ ರೊಬಾಟ್ ಗೋಡೆಯ ಹಿಂದೆ ಅಡಗಿ ಕೂತು ಬೆರಳಿಟ್ಟು ಶಿಳ್ಳೆ ಹೊಡೆಯುತ್ತಿದ್ದ. ನೆಲ್ ತಿರುಗಿ ನೋಡಿದರೆ ಎಲೆರಿ ಅದನ್ನು ಮಲಗಿಸಿ, ಮತ್ತೆ ಮೊದಲಿಂದ ಕೆಲಸ ಹಿಡಿಸುತ್ತಿದ್ದಳು. ಇತೆಲ್‌ನನ್ನು ಕರೆದು ಅವನ ಕೈಲಿ ಹೊಡೆಸಿದಳು. ಪೇಟೆಯ ಮಾಂಸದಂಗಡಿಯವನ ಕೈಲೂ ಹೊಡೆಸಿದಳು. ಎರಡು ಬೇಸಿಗೆ ಕಳೆಯುವ ಹೊತ್ತಿಗೆ ಯಾರ ಶಿಳ್ಳೆಯೂ ನೆಲ್‌ನ ಕಿವಿಯ ಕೂದಲನ್ನೂ ಅಲುಗಿಸುತ್ತಿರಲಿಲ್ಲ. ಪ್ರಪಂಚದಲ್ಲಿ ಅದಕ್ಕೆ ಒಂದೇ ಶಿಳ್ಳೆ.

ಮೊದಲ ವರ್ಷದ ಊರ ಪಂದ್ಯದಲ್ಲಿ ನೆಲ್ ಗಾಬರಿಬಿದ್ದು ಕುರಿಗಳನ್ನು ಹೊಳೆಗಿಳಿಸಿತು. ಮರುವರ್ಷ ಮೂರನೇ ಸ್ಥಾನ. ಅದರ ಮರುವರ್ಷ, ಸಾವಿರದ ಒಂಬೈನೂರ ಐವತ್ತರ ಸೆಪ್ಟೆಂಬರಿನಲ್ಲಿ, ಗಂಡಸರನ್ನೆಲ್ಲ ಹಿಂದೆ ಹಾಕಿ ಎಲೆರಿ ಮೊದಲು ಬಂದಳು. ರೊಪ್ಪದ ಬಾಗಿಲು ಮುಚ್ಚಿ ಹಗ್ಗ ಕಟ್ಟಿದಳು. ಕಾರಿನೊಳಗೆ ಕೂತ ತೀರ್ಪುಗಾರ ಕಿಟಕಿ ಇಳಿಸಿ, "ಹುಡುಗೀ, ಮುಂದಿನ ಆಗಸ್ಟಿನ ದೊಡ್ಡ ಪಂದ್ಯಕ್ಕೆ ಹೆಸರು ಕೊಡು. ಇಡೀ ವೇಲ್ಸ್‌ನವರು ಈ ನಾಯೀನ ನೋಡ್ಬೇಕು" ಎಂದ. ಎಲೆರಿ ಆ ರಾತ್ರಿ ನೆಲ್‌ನ ಕುತ್ತಿಗೆ ತಬ್ಬಿಕೊಂಡು ಕೊಟ್ಟಿಗೆಯ ಹುಲ್ಲಿನಲ್ಲೇ ಮಲಗಿದಳು. ದೊಡ್ಡ ಪಂದ್ಯದಲ್ಲಿ ನೆಲ್‌ನೊಡನೆ ಗೂಟದ ಬಳಿ ನಿಲ್ಲಬೇಕು, ಆಮೇಲೆ ರೊಬಾಟನಂತೆ ನಾಯಿ ಪಳಗಿಸುವವಳೆಂದು ಹೆಸರಾಗಬೇಕು. ಅವಳಿಗೆ ಈ ಜನ್ಮದಲ್ಲಿ ಬೇಕಾದದ್ದು ಅಷ್ಟೇ.

ಆ ಪಂದ್ಯದ ಬೇಲಿಯ ಬಳಿಯೇ ಕೊಯೆದ್ ಮನೆಯ ಎಮ್ರಿಸ್ ಅವಳನ್ನು ನೋಡಿದ್ದು. ಒಳ್ಳೆಯ ಹುಡುಗ, ಅಗಲವಾದ ಕೈ, ದೊಡ್ಡ ದನಿ. ಆ ದನಿ ಏರಿದಾಗೆಲ್ಲ ನೆಲ್ ಎಲೆರಿಯ ಲಂಗದ ಹಿಂದೆ ಹೋಗಿ ನಿಲ್ಲುತ್ತಿತ್ತು. "ನಿನ್ ನಾಯಿಗೆ ನಾನು ಹಿಡಿಸ್ಲಿಲ್ಲ" ಎಂದು ನಗುತ್ತಿದ್ದ. ಎಲೆರಿಗೆ ಹಿಡಿಸಿದ್ದ. ಜೂನಿನಲ್ಲಿ ಮದುವೆಯೆಂದು ನಿಶ್ಚಯವಾಯಿತು.

ಇನ್ನು ಮುಂದಿನದನ್ನು ಈಗಿನ ಕಾಲದವರಿಗೆ ಹೇಳಿದರೆ ನಂಬುವುದಿಲ್ಲ. ಆಗ ನಮ್ಮಲ್ಲಿ ಮದುವೆಗೆ ಮುಂಚೆ ಹೆಣ್ಣಿನ ಬಾಯಿಯ ಹಲ್ಲನ್ನೆಲ್ಲ ಕೀಳಿಸಿ, ಕಟ್ಟಿಸಿದ ಹಲ್ಲು ಹಾಕಿಸಿ ಕಳಿಸುವುದು ತವರಿನವರ ಮರ್ಯಾದೆಯ ಪ್ರಶ್ನೆ. ಹೇಗಿದ್ದರೂ ಹಲ್ಲು ಹುಳ ಹಿಡಿಯುವುದೇ, ಬಸುರಿನಲ್ಲಿ ಉದುರುವುದೇ. ಆ ನೋವು, ಆ ಖರ್ಚು ಅಳಿಯನ ಮೇಲೆ ಯಾಕೆ ಬೀಳಬೇಕು? ಬೆಳ್ಳಿಯ ಚಮಚ ಕೊಟ್ಟ ಹಾಗೆ ಹಲ್ಲಿನ ಸೆಟ್ಟು ಕೊಡುತ್ತಿದ್ದರು. ಎರಡು ಮೂರು ವರ್ಷದಿಂದ ಸರ್ಕಾರವೇ ಅದನ್ನು ಪುಕ್ಕಟೆ ಮಾಡಿತ್ತು. ಬರುವ ಮೇ ತಿಂಗಳಿಂದ ದುಡ್ಡು ಕೀಳುತ್ತಾರಂತೆ ಎಂಬ ಸುದ್ದಿ ಹಬ್ಬಿ, ಪೇಟೆಯ ದಂತವೈದ್ಯನ ಮುಂದೆ ಜಾತ್ರೆ ನೆರೆದಿತ್ತು.

ಎಮ್ರಿಸ್‌ನ ತಾಯಿ ಮಾರ್ಗೆಡ್ ನಿಶ್ಚಿತಾರ್ಥದ ಚಹಾ ಕುಡಿಯುತ್ತಾ ಕೇಳಿಯೇಬಿಟ್ಟಳು. "ನಮ್ ಹಿರೀ ಸೊಸೇನೂ ಹೊಸ ಹಲ್ಲಿಟ್ಕೊಂಡೇ ಹೊಸ್ತಿಲು ತುಳ್ದಿದ್ದು. ಮುತ್ತಿನ ಹಾಗೆ ಕಾಣ್ತಾಳೆ. ನಿಮ್ಮ ಹುಡ್ಗೀಗೂ ಮಾಡಿಸ್ತೀರಿ ತಾನೆ?"

"ಕೇಳ್ಬೇಕಾ?" ಎಂದಳು ಅವ್ವ, ಅವಮಾನವಾದವಳಂತೆ.

ಯಾರೂ ಎಲೆರಿಯನ್ನು ಬಲವಂತ ಮಾಡಲಿಲ್ಲ. ಅದೇ ದುಃಖ. ಮಾಡಿದ್ದರೆ ಅವಳು ಹಠ ಹಿಡಿಯುತ್ತಿದ್ದಳೋ ಏನೋ. ಅವಳಿಗೇ ಆಸೆಯಿತ್ತು. ಒಂದು ದವಡೆ ಹಲ್ಲು ನೋಯುತ್ತಿತ್ತು, ಮುಂದಿನ ಸಂದಿಯನ್ನು ಫೋಟೋದಲ್ಲಿ ಕೈಯಿಂದ ಮುಚ್ಚಿಕೊಳ್ಳುವ ಅಭ್ಯಾಸವಿತ್ತು. ಮದುವೆಯ ಫೋಟೋದಲ್ಲಾದರೂ ಬಾಯಿ ತುಂಬ ನಗಬೇಕೆಂದುಕೊಂಡಳು. ರೊಬಾಟನಿಗೆ ಹೇಳಿದಾಗ ಅವನು ತನ್ನ ಬೋಳು ಒಸಡು ತೋರಿಸಿ ನಕ್ಕ. "ಕೀಳಿಸ್ಕೋ, ಕೀಳಿಸ್ಕೋ. ಇಪ್ಪತ್ತು ವರ್ಷ ಆಯ್ತು ನಂಗೆ, ಒಂದು ದಿನ ಹಲ್ಲುನೋವಿಲ್ಲ!" ನಾಯಿಯ ಬಗ್ಗೆ, ಶಿಳ್ಳೆಯ ಬಗ್ಗೆ ನಮ್ಮ ಜಿಲ್ಲೆಯಲ್ಲೇ ಎಲ್ಲರಿಗಿಂತ ಹೆಚ್ಚು ತಿಳಿದವನು ಆಡಿದ ಮಾತು ಇದು. ಅವನು ಬೆರಳಿನಿಂದ ಶಿಳ್ಳೆ ಹೊಡೆಯುವವನು. ಅವಳೋ, ಉಸಿರಾಡುವುದು ಹೇಗೆಂದು ಯಾರೂ ಯೋಚಿಸದ ಹಾಗೆ, ತನ್ನ ಶಿಳ್ಳೆ ಎಲ್ಲಿಂದ ಬರುತ್ತದೆಂದು ಒಂದು ದಿನವೂ ಯೋಚಿಸಿದವಳಲ್ಲ.

ಮಾರ್ಚಿನಲ್ಲಿ, ಕುರಿಗಳು ಮರಿ ಹಾಕುವುದಕ್ಕೆ ಮುಂಚೆ, ಇತೆಲ್ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಮತ್ತಿನ ಗಾಳಿ ಕುಡಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಕಿತ್ತರು. ನೋಯುತ್ತಿದ್ದದ್ದು ಒಂದು, ಚೆನ್ನಾಗಿದ್ದವು ಬಾಕಿ ಎಲ್ಲವೂ. ಬಾಯಿಗೆ ಶಾಲು ಕಟ್ಟಿಕೊಂಡು ವಾಪಸು ಬಂದಳು. ವಾರಗಟ್ಟಲೆ ಮಜ್ಜಿಗೆಯಲ್ಲಿ ಓಟ್ಸ್ ರೊಟ್ಟಿ ಮುರಿದು ನೆನೆಸಿ ಕುಡಿದಳು. ಒಸಡು ಮಾಗಿದ ಮೇಲೆ ಸೆಟ್ಟು ಕೊಡುವುದಾಗಿ ವೈದ್ಯ ಹೇಳಿದ್ದ.

ಬಾವು ಇಳಿದ ಒಂದು ಬೆಳಿಗ್ಗೆ ಅವಳು ಹಿತ್ತಲ ಬಾಗಿಲಿಗೆ ಬಂದಳು. ನೆಲ್ ಎದುರಿನ ಇಳಿಜಾರಿನಲ್ಲಿ ಕುರಿಗಳ ಬಳಿ ಇತ್ತು. ಎಂದಿನಂತೆ ಕೆಳತುಟಿ ಎಳೆದು ಊದಿದಳು. ಬರೀ ಗಾಳಿ ಬಂತು. ಮೊದಲು ಅವಳಿಗೆ ನಗುವೇ ಬಂದದ್ದು. ಮತ್ತೆ ಊದಿದಳು. ತುಟಿ ಒಳಕ್ಕೆ ಕುಸಿದು ನಾಲಿಗೆ ಆತುಕೊಳ್ಳಲು ಏನೂ ಸಿಗಲಿಲ್ಲ. ಅಂಗಳಕ್ಕೆ ಬಂದ ಅಪ್ಪ ಮಗಳು ಕೆನ್ನೆಯುಬ್ಬಿಸಿ ಗಾಳಿ ಊದುತ್ತಾ ನಿಂತಿರುವುದನ್ನು ನೋಡಿ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಅಲ್ಲಿಗೆ ನಿಂತಿತು.

ರೊಬಾಟನ ಮನೆಗೆ ಓಡಿದಳು. ಅವಳ ಬೋಳು ಬಾಯಿಂದ ಹೊರಟ ತೊದಲು ಅರ್ಥವಾಗಲು ಮುದುಕನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯ ಮೇಲೆ ಕುಸಿದ.

"ನಾನು ಬೆರಳಿನವನು ಕಣೇ" ಎಂದ. "ನನ್ ತಲೆಗೇ ಹೊಳೀಲಿಲ್ಲ. ದೇವರಾಣೆ, ಹೊಳೀಲಿಲ್ಲ."

"ನಂಗೂ ಹೊಳೀಲಿಲ್ಲ ಅಜ್ಜ."

"ಹೊಸ ಹಲ್ಲು ಬರ್ಲಿ. ಅದೂ ಹಲ್ಲೇ ಅಲ್ವಾ? ನೋಡೋಣ."

ಹೊಸ ಹಲ್ಲು ಮೇ ತಿಂಗಳಿಗೆ ಮುಂಚೆಯೇ ಬಂತು. ಸಾಲಾಗಿ, ಬಿಳಿಯಾಗಿ, ಒಂದು ಕೂದಲಿನಷ್ಟೂ ಸಂದಿಯಿಲ್ಲದೆ. ಊದಿದರೆ ಮೇಲಿನ ಸೆಟ್ಟು ಕಳಚಿ ನಾಲಿಗೆಯ ಮೇಲೆ ಬೀಳುತ್ತಿತ್ತು. ಬೆರಳಿಟ್ಟು ಹೊಡೆಯುವುದನ್ನು ರೊಬಾಟ್ ಕಲಿಸಿದ. ಸೆಟ್ಟು ತೆಗೆದು ಒಸಡಿನಲ್ಲೇ ಪ್ರಯತ್ನಿಸಿದಾಗ ಒಂದು ಒರಟು ಸದ್ದು ಬಂತು. ಕುರುಬರು ನಾಲಿಗೆಯ ಮೇಲಿಟ್ಟು ಊದುವ ತಗಡಿನ ಸೀಟಿಯನ್ನೂ ತಂದುಕೊಟ್ಟ. ಅದರಲ್ಲಿ ದನಿ ಚೆನ್ನಾಗಿಯೇ ಹೊರಟಿತು. ಆದರೆ ಅದು ಯಾರದೋ ದನಿ. ನೆಲ್ ಗೋಡೆಯ ಪಕ್ಕದಲ್ಲಿ ಬಿದ್ದುಕೊಂಡು ಅವಳ ಮುಖವನ್ನೇ ನೋಡುತ್ತಿತ್ತು, ಅವಳು ಸೀಟಿ ಊದಿ ಊದಿ ಕಣ್ಣಲ್ಲಿ ನೀರು ತಂದುಕೊಂಡರೂ ಅಲುಗುತ್ತಿರಲಿಲ್ಲ. ಬೇರೆಯವರ ಶಿಳ್ಳೆಗೆ ಕಿವಿಗೊಡಬೇಡ ಎಂದು ಎರಡು ಬೇಸಿಗೆ ಕಲಿಸಿದವಳು ಅವಳೇ. ನಾಯಿ ಕಲಿತದ್ದನ್ನು ಮರೆತಿರಲಿಲ್ಲ, ಅದರದ್ದೇನು ತಪ್ಪು?

"ಮರಿಗೆ ಕಲ್ಸೋ ಹಾಗೆ ಮೊದ್ಲಿಂದ ಕಲ್ಸು" ಎಂದ ರೊಬಾಟ್. "ಊಟ ಹಾಕ್ವಾಗ ಸೀಟಿ, ಹತ್ರ ಬಂದ್ರೆ ಸೀಟಿ. ಒಂದ್ ವರ್ಷ ಹಿಡೀತದೆ."

ಒಂದು ವರ್ಷ ಎಲ್ಲಿತ್ತು? ಜೂನಿನಲ್ಲಿ ಮದುವೆಯಾಯಿತು. ಫೋಟೋದಲ್ಲಿ ಅವಳು ಬಾಯಿ ತುಂಬ ನಕ್ಕಿದ್ದಾಳೆ, ಈಗಲೂ ಕೊಯೆದ್ ಮನೆಯ ಗೋಡೆಯ ಮೇಲಿದೆ ಅದು. ನಕ್ಕವಳ ಕಣ್ಣನ್ನು ಮಾತ್ರ ಯಾರೂ ನೋಡುವುದಿಲ್ಲ. ಮಾರ್ಗೆಡ್ ಆಳುತ್ತಿದ್ದ ಮನೆಯಲ್ಲಿ ಸೊಸೆಯ ಜಾಗ ಬೆಣ್ಣೆ ಕಡೆಯುವ ಕೋಣೆ, ಕೋಳಿಗೂಡು, ಒಲೆ. ಬೆಟ್ಟಕ್ಕೆ ಹೋಗಲು ಗಂಡಸರಿದ್ದರು. ಸಂಜೆ ಪಾತ್ರೆ ತೊಳೆದಾದ ಮೇಲೆ ಸಿಗುವ ಅರೆಬೆಳಕಿನಲ್ಲಿ ಎಲೆರಿ ನೆಲ್‌ನನ್ನು ಕರೆದುಕೊಂಡು ಹಿಂದಿನ ಹೊಲಕ್ಕೆ ಹೋಗುತ್ತಿದ್ದಳು. ಊದಲೆಂದು ಅವಳು ತೆಗೆದುಕೊಟ್ಟ ಸೆಟ್ಟನ್ನು ಎಮ್ರಿಸ್ ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿರುತ್ತಿದ್ದ.

"ಈ ವರ್ಷ ಬೇಡ ಬಿಡೇ" ಎಂದ ಒಂದು ದಿನ, ದನಿ ತಗ್ಗಿಸಿ. "ಅಷ್ಟು ಜನರ ಮುಂದೆ..."

"ಹೆಸರು ಕೊಟ್ಟಾಗಿದೆ."

"ನಾಯಿ ಬರಲ್ವಲ್ಲೇ ನಿನ್ ಮಾತಿಗೆ."

"ಸುತ್ತು ಹಾಕಿ ಕುರಿ ಹೊರಡಿಸೋದು ಅದರ ರಕ್ತದಲ್ಲೇ ಇದೆ. ನೇರ ತಂದ್ಬಿಟ್ರೆ ಸಾಕು. ಮಧ್ಯ ಒಂದೆರಡು ಸಲ ನನ್ ಸೀಟಿ ಕೇಳಿದ್ರೂ ಸಾಕು" ಎಂದಳು ಎಲೆರಿ. ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕೇಳಬಹುದೆಂದು ಅಂದುಕೊಳ್ಳದೆ ಇರಲು ಆಗುತ್ತಿರಲಿಲ್ಲ.

ಆಗಸ್ಟಿನ ದೊಡ್ಡ ಪಂದ್ಯ ನೆರೆಯ ಜಿಲ್ಲೆಯ ಒಂದು ವಿಶಾಲವಾದ ಬಯಲಿನಲ್ಲಿ ನಡೆಯಿತು. ಎಮ್ರಿಸ್ ಲಾರಿ ಕೇಳಿ ತಂದಿದ್ದ. ರೊಬಾಟ್ ಚಾಪೆಲಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ. ಗಾಳಿಯಿತ್ತು, ಮಳೆಯಿರಲಿಲ್ಲ. ಅವಳ ಹೆಸರು ಕೂಗಿದಾಗ ಎಲೆರಿ, ಅಷ್ಟು ಜನರ ಮುಂದೆಂದು ಸೆಟ್ಟು ಹಾಕಿಕೊಂಡೇ, ನೆಲ್‌ನೊಡನೆ ಗೂಟದ ಬಳಿಗೆ ನಡೆದಳು. ಬಲಗೈ ಚಾಚಿದಳು, ನೆಲ್ ಹೊರಟಿತು.

ಆ ಓಟವನ್ನು ನೋಡಿದವರು ಇಂದಿಗೂ ನೆನೆಯುತ್ತಾರೆ. ಬಯಲಿನ ಅಂಚು ಹಿಡಿದು, ಅಗಲವಾಗಿ, ಕುರಿಗಳಿಗೆ ಸುಳಿವೇ ಸಿಗದಂತೆ ಹಿಂದಕ್ಕೆ ಹೋಗಿ ನಿಂತಿತು. ಕುರಿಗಳು ತಲೆಯೆತ್ತಿ ಶಾಂತವಾಗಿ ಇಳಿಯತೊಡಗಿದವು. ಬೇಲಿಯ ಬಳಿ ಯಾರೋ "ಅಬ್ಬಾ" ಎಂದರು. ಮೊದಲ ತಡಿಕೆಗಳ ಹತ್ತಿರ ಗಾಳಿಗೆ ಕುರಿಗಳು ಎಡಕ್ಕೆ ಸರಿದವು. ಈಗ ಒಂದೇ ಒಂದು ಶಿಳ್ಳೆ ಸಾಕಿತ್ತು, ನೆಲ್ ಎಡಕ್ಕೆ ಬಂದು ಅವನ್ನು ನೆಟ್ಟಗೆ ಮಾಡುತ್ತಿತ್ತು. ಎಲೆರಿ ಸೀಟಿ ಊದಿದಳು. ನೆಲ್ ಕೇಳಿಸಿಕೊಳ್ಳಲಿಲ್ಲ. ಮತ್ತೆ ಊದಿದಳು. ಕುರಿಗಳು ತಡಿಕೆಗಳನ್ನು ಬಿಟ್ಟು ಹೊರಗಿನಿಂದ ಹೋದವು. ನೆಲ್ ನಿಂತಿತು. ಅಪ್ಪಣೆಗಾಗಿ ಕಾಯುತ್ತಾ ತಲೆಯೆತ್ತಿ ಬಯಲನ್ನೆಲ್ಲ ನೋಡಿತು, ಬೇಲಿಯ ಬಳಿಯ ಜನರನ್ನು, ಕಾರುಗಳನ್ನು, ಹಿಂದಿನ ಗುಡ್ಡವನ್ನು. ಗೂಟದ ಬಳಿ ನಿಂತು ಯಾರದೋ ಸೀಟಿ ಊದುತ್ತಿದ್ದ ಹೆಂಗಸಿನ ಮೇಲೂ ಅದರ ಕಣ್ಣು ಹಾದುಹೋಯಿತು. ಅಲ್ಲಿ ನಿಲ್ಲಲಿಲ್ಲ.

ಆಗ ಎಲೆರಿ ಆ ನಾಯಿಯ ಮೇಲೆ ಯಾವತ್ತೂ ಮಾಡದ ಕೆಲಸವನ್ನು ಮಾಡಿದಳು. ಕೂಗಿದಳು. "ನೆಲ್!" ಎಂದು ಗಂಟಲು ಹರಿಯುವಂತೆ ಕೂಗಿದಳು. ಮೇಲಿನ ಸೆಟ್ಟು ಕಳಚಿ ಹೊರಬರುವುದರಲ್ಲಿತ್ತು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೇಲಿಯ ಬಳಿ ಯಾರೋ ಒಬ್ಬ ಕಿಸಕ್ಕೆಂದ. ನೆಲ್ ಆ ಕೂಗಿಗೆ ಹೊಡೆತ ಬಿದ್ದಂತೆ ನೆಲಕ್ಕಂಟಿತು. ಆಮೇಲೆ ಹೊಟ್ಟೆಯ ಮೇಲೆ ತೆವಳುತ್ತಾ, ಕುರಿಗಳನ್ನೂ ಅವಳನ್ನೂ ಬಿಟ್ಟು, ಬಯಲಿನಿಂದ ಆಚೆ ಹೋಯಿತು.

ಎಲೆರಿ ಕೈಯೆತ್ತಿದಳು. ಆಟ ಬಿಟ್ಟುಕೊಟ್ಟೆ ಎಂಬುದಕ್ಕೆ ನಮ್ಮಲ್ಲಿ ಅದೇ ಗುರುತು. ಚದುರಿದ ಕುರಿಗಳನ್ನು ಇನ್ನೊಬ್ಬರ ನಾಯಿ ಬಂದು ಒಟ್ಟು ಮಾಡಿತು. ನೆಲ್ ಲಾರಿಯ ಕೆಳಗೆ ಸಿಕ್ಕಿತು. ಮನೆ ಹತ್ತಿರ ಬಂದಾಗ ರೊಬಾಟ್, "ಸುತ್ತು ಹಾಕಿದ್ದು ಚೆನ್ನಾಗಿತ್ತು" ಎಂದ. ಎಲೆರಿ ಅದಕ್ಕೆ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲಿನ ತಿಂಗಳುಗಳಲ್ಲಿ ಅವಳು ಬಸುರಿಯಾದಳು. ಎಮ್ರಿಸ್ ನೆಲ್‌ನನ್ನು ಬೆಟ್ಟಕ್ಕೆ ಕರೆದೊಯ್ಯಲು ನೋಡಿದ. ಮೆಲ್ಲಗೆ ಮಾತಾಡುತ್ತಾ ಹೊರಟವನಿಗೆ ಬೆಟ್ಟದ ಗಾಳಿಯಲ್ಲಿ ದನಿ ಏರಿಸದೆ ಗತಿಯಿರಲಿಲ್ಲ, ಏರಿಸಿದೊಡನೆ ನಾಯಿ ಮಾಯ. ಮಾರ್ಗೆಡ್ ಕೆಟ್ಟವಳಲ್ಲ, ಆದರೆ ಲೆಕ್ಕದ ಹೆಂಗಸು. "ಕೆಲ್ಸ ಮಾಡ್ದೆ ಇರೋ ನಾಯಿಗೆ ಈ ಮನೇಲಿ ಅನ್ನ ಹಾಕಿದ್ದು ನಾನು ಕಾಣೆ. ನನ್ ಮಾವನ ಕಾಲ್ದಲ್ಲಾಗಿದ್ರೆ ಕೋವಿ ತೆಗೀತಿದ್ರು" ಎಂದಳು ಊಟದ ಮೇಜಿನಲ್ಲಿ.

"ನಿಮ್ಮಪ್ಪನ ಮನೇಲಿ ಬಿಡೋಣ" ಎಂದ ಎಮ್ರಿಸ್, ಇಬ್ಬರೇ ಇದ್ದಾಗ. "ಅಲ್ಲಿ ಅದಕ್ಕೆ ಗೊತ್ತಿರೋ ಜಾಗ. ಇಲ್ಲಿ ಅಮ್ಮನ್ನ ತಡೆಯೋದು ನನ್ ಕೈಲಾಗಲ್ಲ ಕಣೇ."

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಎಲೆರಿ ನೆಲ್‌ಗೆ ಹಗ್ಗ ಕಟ್ಟಿ ಬ್ರಿನ್ ಗ್ರಿಗ್‌ಗೆ ನಡೆದುಕೊಂಡು ಹೊರಟಳು. ಮದುವೆಯಾದ ಮೇಲೆ ಅವಳು ತವರಿಗೆ ಬರುತ್ತಿದ್ದದ್ದು ಅದೇ ಮೊದಲು. ಹಗ್ಗ ಕಟ್ಟಬೇಕಾದ ನಾಯಿಯೇ ಅಲ್ಲ ಅದು, ಆದರೆ ಈಗ ಕರೆದರೆ ಬರುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ. ದಾರಿಯಲ್ಲಿ ಮನಸ್ಸು ಬದಲಿಸಿಬಿಟ್ಟಳು. ಇಲ್ಲ, ಶಾಶ್ವತವಾಗಿ ಅಲ್ಲಿ ಬಿಡುವುದಿಲ್ಲ. ಹೆರಿಗೆಗೆ ತವರಿಗೆ ಬರುತ್ತೇನಲ್ಲ, ಆಗ ಮೂರು ನಾಲ್ಕು ತಿಂಗಳು ಸಿಗುತ್ತದೆ. ಊಟ ಹಾಕುವಾಗ ಸೀಟಿ, ಹತ್ತಿರ ಬಂದರೆ ಸೀಟಿ, ಮರಿಗೆ ಕಲಿಸುವ ಹಾಗೆ. ಅದು ನನ್ನ ಗುರುತು ಹಿಡಿಯಲೇಬೇಕು. ಅಲ್ಲಿಯತನಕ ಅಪ್ಪ ನೋಡಿಕೊಳ್ಳಲಿ. ಹೀಗೆಂದುಕೊಂಡ ಮೇಲೆ ಕಾಲಿಗೆ ಸ್ವಲ್ಪ ಬಲ ಬಂತು.

ಅಂಗಳಕ್ಕೆ ಕಾಲಿಡುವಾಗ ಶಿಳ್ಳೆ ಕೇಳಿಸಿತು.

ತೆಳ್ಳಗೆ ಹೊರಟು, ಕೊನೆಯಲ್ಲಿ ತುಸು ಮೇಲೆ ತಿರುಗಿ ನಿಂತಿತು. 'ಬಾ' ಎನ್ನುವ ಶಿಳ್ಳೆ. ಅವಳದೇ. ಎಲೆರಿಯ ಕೈ ತಾನಾಗಿ ಬಾಯಿಗೆ ಹೋಯಿತು. ಕೊಟ್ಟಿಗೆಯ ಮಾಡಿನ ನೆತ್ತಿಯ ಮೇಲೆ ಒಂದು ಕಬ್ಬಕ್ಕಿ ಕೂತಿತ್ತು. ಕೇಳಿದ ಸದ್ದನ್ನೆಲ್ಲ ಕದಿಯುವ ಹಕ್ಕಿ ಅದು. ಎಷ್ಟು ವರ್ಷದಿಂದ ಅದೇ ಮಾಡಿನಲ್ಲಿ ಗೂಡು ಕಟ್ಟಿಕೊಂಡು ಅವಳನ್ನು ಕೇಳುತ್ತಿತ್ತೋ. ಗಂಟಲು ಉಬ್ಬಿಸಿ ಮತ್ತೊಮ್ಮೆ ಶಿಳ್ಳೆ ಹಾಕಿತು.

ನೆಲ್ ಒಂದೇ ಎಳೆತಕ್ಕೆ ಹಗ್ಗ ಬಿಡಿಸಿಕೊಂಡು ಓಡಿತು. ತಿಂಗಳುಗಟ್ಟಲೆ ಕಾಲಸಂದಿಯಲ್ಲಿ ಅಂಟಿಕೊಂಡಿದ್ದ ಬಾಲ ಬೀಸಾಡುತ್ತಿತ್ತು. ಕೊಟ್ಟಿಗೆಯ ಗೋಡೆಯ ಬುಡದಲ್ಲಿ ಕೂತು, ಕತ್ತೆತ್ತಿ, ಕುಂಯ್‌ಗುಡುತ್ತಾ, ಮೈಯೆಲ್ಲ ನಡುಗಿಸುತ್ತಾ ಮೇಲೆ ನೋಡಿತು.

ಬಾಗಿಲಿಗೆ ಬಂದ ಅಪ್ಪ ಮಗಳನ್ನೂ ನಾಯಿಯನ್ನೂ ನೋಡಿದ. "ಬೇಸಿಗೆಯಿಂದ್ಲೂ ಕೂಗ್ತಿದೆ ಅದು" ಎಂದ. "ನಿಂಗೆ ಹೇಳೋಕೆ ನಂಗೆ ಮನಸ್ಸು ಬರ್ಲಿಲ್ಲ ಮಗಾ. ದಿನಾ ಬೆಳಿಗ್ಗೆ ಕೇಳಿದ್ರೆ, ನೀನು ಇಲ್ಲೇ ಇದ್ದೀಯ ಅನ್ಸೋದು."

ಎಲೆರಿ ಗೋಡೆಯ ಹತ್ತಿರ ಹೋಗಿ ನೆಲ್‌ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಜೇಬಿನಿಂದ ಸೀಟಿ ತೆಗೆದು, ನಾಲಿಗೆಯ ಮೇಲಿಟ್ಟು, ತನಗೆ ಬರುವಷ್ಟು ಮೆತ್ತಗೆ ಊದಿದಳು. ನೆಲ್ ಕಿವಿಯನ್ನೂ ಅಲುಗಿಸಲಿಲ್ಲ. ಅವಳು ಅದರ ಕುತ್ತಿಗೆಯ ಮೇಲೆ ಕೈಯಿಟ್ಟಳು. ಅದು ಆ ಕೈಯಿಂದ ತುಸು ಆಚೆ ಸರಿದು, ಒಡತಿ ಮೇಲಿನಿಂದ ಇಳಿದು ಬರುವುದನ್ನು ಕಾಯುತ್ತಾ ಕೂತಿತು.